ಸೆರ್ರಾದೆಲ್ ಮನೆಯ ಮಾಡು

ವೆಂತುರಾನನ್ನು ನಮ್ಮ ಬಯಲಿನವರೆಲ್ಲ ಸೆರ್ರಾದೆಲ್ ವೆಂತುರಾ ಎಂದೇ ಕರೆಯುತ್ತಿದ್ದರು. ಸೆರ್ರಾದೆಲ್ ಎಂಬುದು ಅವನು ಹುಟ್ಟಿದ ಮನೆಯ ಹೆಸರು. ಆ ಮನೆಯಲ್ಲಿ ಅವನಿಗೊಂದು ಮಂಚವಿಲ್ಲದೆ ನಲವತ್ತು ವರ್ಷಗಳೇ ಕಳೆದಿದ್ದವು. ಆದರೆ ಪಿರೆನೀಸ್ ಬೆಟ್ಟಗಳ ಕೆಳಗಿನ ಈ ಒಸೋನಾ ಬಯಲಿನಲ್ಲಿ ಮನುಷ್ಯ ಮನೆ ಬಿಟ್ಟರೂ ಮನೆಯ ಹೆಸರು ಮನುಷ್ಯನನ್ನು ಬಿಡುವುದಿಲ್ಲ. ಅಂಚೆಯವನೂ ಹಾಗೇ ಕೂಗುತ್ತಿದ್ದ. ಕೂಗಿದಾಗಲೆಲ್ಲ ಇವನ ಮುಖ ಹುಳಿ ದ್ರಾಕ್ಷಿ ಕಚ್ಚಿದಂತಾಗುತ್ತಿತ್ತು. ನನ್ನ ಮನೆ ಅವನ ಮನೆಯ ಎದುರಿಗೇ ಇದ್ದುದರಿಂದ ಆ ಮುಖವನ್ನು ನಾನು ಬಹಳ ಸಲ ನೋಡಿದ್ದೇನೆ.

ನಮ್ಮಲ್ಲಿ ಮನೆ ಒಡೆಯುವ ಪದ್ಧತಿಯಿಲ್ಲ. ಮನೆ, ಹೊಲ, ಓಕ್ ಕಾಡು, ಹಂದಿದೊಡ್ಡಿ, ಸ್ಮಶಾನದಲ್ಲಿ ಗೋರಿಯ ಜಾಗ, ಎಲ್ಲವೂ ಹಿರಿಯ ಮಗನಿಗೆ. ಕಿರಿಯರು ಕೈಗೆ ಬಂದ ಅಲ್ಪಸ್ವಲ್ಪವನ್ನು ತೆಗೆದುಕೊಂಡು ಹೊರಡಬೇಕು. ಇದರಿಂದಲೇ ನಮ್ಮ ಮನೆಗಳು ಶತಮಾನಗಳಿಂದ ಹಾಗೇ ನಿಂತಿವೆ ಎಂದು ಹಿರಿಯ ಮಕ್ಕಳು ಹೇಳುತ್ತಾರೆ. ಕಿರಿಯರು ಏನು ಹೇಳುತ್ತಾರೆಂದು ಕೇಳಿದವರಿಲ್ಲ. ಸೆರ್ರಾದೆಲ್‌ನಲ್ಲಿ ಹಿರಿಯವನು ಕಿರ್ಜೆ, ಕಿರಿಯವನು ವೆಂತುರಾ. ಇಬ್ಬರಿಗೂ ಎರಡೇ ವರ್ಷದ ಅಂತರ.

ಮನೆ ಅಣ್ಣನ ಪಾಲಾದದ್ದನ್ನು ವೆಂತುರಾ ಹೇಗೋ ನುಂಗಿಕೊಂಡ. ಕಾನೂನು ಮಳೆಯಿದ್ದಂತೆ, ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು? ವಿಕ್ ಪಟ್ಟಣದ ಸಾಸೇಜು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆದ, ಆಂಜೆಲಿನಾಳನ್ನು ಮದುವೆಯಾದ, ನಮ್ಮ ಬೀದಿಯಲ್ಲಿ ಮನೆ ಕಟ್ಟಿದ. ಅವನು ನುಂಗಲಾರದೆ ಹೋದದ್ದು ಬೇರೆ: ಮಾಡಿನ ವಿಷಯ.

ಸೆರ್ರಾದೆಲ್‌ನ ಹೆಂಚಿನ ಮಾಡು ದೊಡ್ಡದು, ಕಡಿದು, ಗಾಳಿಗೆ ಮೈಯೊಡ್ಡಿದ್ದು. ಪ್ರತಿ ಚಳಿಗಾಲದ ಕೊನೆಗೆ ಒಡೆದ ಹೆಂಚು ಬದಲಿಸಲೇಬೇಕು. ಇವರ ಅಪ್ಪ ಕಿರ್ಜೆಯನ್ನು ಒಮ್ಮೆಯೂ ಮೇಲೆ ಹತ್ತಿಸಲಿಲ್ಲ. ವಾರಸುದಾರ ಬಿದ್ದು ಸೊಂಟ ಮುರಿದುಕೊಂಡರೆ ಮನೆಯ ಗತಿಯೇನು? ಹಾಗಾಗಿ ಹತ್ತನೆಯ ವಯಸ್ಸಿನಿಂದಲೇ ವೆಂತುರಾ ಹತ್ತಿದ. ಅವನು ಬಿದ್ದರೆ ಮನೆಗೇನೂ ನಷ್ಟವಿರಲಿಲ್ಲ. ಅವನು ಇದನ್ನು ಅವಮಾನವೆಂದು ತಿಳಿಯದೆ ಪಟ್ಟಾಭಿಷೇಕವೆಂದು ತಿಳಿದ. ಮನೆಯೊಳಗಿನ ಒಂದೊಂದು ಗೂಟವೂ ಅಣ್ಣನದು, ಮಾಡು ಮಾತ್ರ ತನ್ನದು. ಮದುವೆಯಾಗಿ ಹೋದ ಮೇಲೂ ವರ್ಷವರ್ಷ ಬಂದು ಹೆಂಚು ಹಾಕಿ ಹೋಗುತ್ತಿದ್ದ. ಅಪ್ಪ ಸತ್ತ ಮರುವರ್ಷ ಬರುವಷ್ಟರಲ್ಲಿ ಅಂಗಳದಲ್ಲಿ ಹಳೆಯ ಹೆಂಚಿನ ರಾಶಿ ಬಿದ್ದಿತ್ತು. ವಿಕ್‌ನಿಂದ ಬಂದ ಕೂಲಿಯವರು ಮಾಡಿನ ಮೇಲೆ ನಿಂತು ಸಿಗರೇಟು ಸೇದುತ್ತಿದ್ದರು. ವೆಂತುರಾ ಬೈಕು ತಿರುಗಿಸಿದವನು ಮತ್ತೆ ಆ ಅಂಗಳ ಮೆಟ್ಟಲಿಲ್ಲ. ಅಣ್ಣತಮ್ಮಂದಿರ ಮಾತು ಅಂದಿಗೆ ನಿಂತಿತು.

ಮಾತು ನಿಂತಿತು, ಕಣ್ಣು ನಿಲ್ಲಲಿಲ್ಲ. ಚಳಿಗಾಲವೆಲ್ಲ ನಮ್ಮ ಬಯಲಿನ ಮೇಲೆ ಮಂಜು ಹಾಸಿಕೊಂಡು ಬಿದ್ದಿರುತ್ತದೆ. ಬೀದಿಯ ಆ ಬದಿಯೂ ಕಾಣುವುದಿಲ್ಲ. ಸೆರ್ರಾದೆಲ್ ಇರುವುದು ಗುಡ್ಡದ ಭುಜದ ಮೇಲೆ, ಮಂಜಿಗಿಂತ ಎತ್ತರದಲ್ಲಿ. ನಾವು ಕೆಳಗೆ ಮಧ್ಯಾಹ್ನವೂ ದೀಪ ಹಾಕಿಕೊಂಡು ಕುಳಿತಿರುವಾಗ ಅಲ್ಲಿ ಬಿಸಿಲು.

"ಅಲ್ಲಿ ಬಟ್ಟೆ ಒಣಗ್ತಿರುತ್ತೆ," ಎನ್ನುತ್ತಿದ್ದ ವೆಂತುರಾ, ಯಾರೂ ಕೇಳದೆ.

"ನಾನು ಹೊಸ ಲಂಗ ಹಾಕ್ಕೊಂಡು ಮೂಗಿನ ಮುಂದೆ ನಿಂತ್ರೂ ಇವ್ರಿಗೆ ಕಾಣಲ್ಲ," ಎಂದು ಆಂಜೆಲಿನಾ ನನ್ನ ಹತ್ತಿರ ಒಮ್ಮೆ ಹೇಳಿದ್ದಳು. "ಸೆರ್ರಾದೆಲ್‌ನಲ್ಲಿ ಒಂದು ಕಿಟಕಿ ಬಾಗಿಲಿಗೆ ಬಣ್ಣ ಹೊಡೀಲಿ, ಮಂಜಲ್ಲೂ ಕಾಣ್ಸುತ್ತೆ."

ಅಸೂಯೆಯನ್ನು ರೋಗ ಎನ್ನುವವರಿದ್ದಾರೆ. ವೆಂತುರಾನ ವಿಷಯದಲ್ಲಿ ಅದು ಕಸುಬಾಗಿತ್ತು. ದಿನಾ ಎದ್ದು ಶ್ರದ್ಧೆಯಿಂದ ಮಾಡುತ್ತಿದ್ದ.

ಇಂಟರ್ನೆಟ್ಟು ಎಲ್ಲ ಕಡೆ ಬಂದು ನಮ್ಮ ಹಳ್ಳಿಗಳಿಗೆ ಬಾರದೆ ಇದ್ದ ಕಾಲ ಅದು. ಹತ್ತು ಮನೆಗಾಗಿ ತಂತಿ ಎಳೆಯುವುದಿಲ್ಲ ಎಂದು ಫೋನ್ ಕಂಪನಿ ಹೇಳಿಬಿಟ್ಟಿತು. ಆಗ ಬಯಲಿನವರು ತಾವೇ ಜಾಲ ಕಟ್ಟಿಕೊಳ್ಳತೊಡಗಿದರು. ಒಂದು ಮಾಡಿನ ಮೇಲೆ ಒಂದು ಡಿಶ್, ಕಿಲೋಮೀಟರುಗಟ್ಟಲೆ ಆಚೆ ಇನ್ನೊಂದು ಮಾಡಿನ ಮೇಲೆ ಇನ್ನೊಂದು. ಎರಡೂ ಒಂದನ್ನೊಂದು ನೇರ ನೋಡುವಂತೆ ಹೊಂದಿಸಿದರೆ ಗಾಳಿಯಲ್ಲೇ ಕೊಂಡಿ ಬೀಳುತ್ತದೆ. ನೋಟಕ್ಕೆ ಅಡ್ಡವಾಗಿ ಮರವಾಗಲಿ ಗುಡ್ಡವಾಗಲಿ ಬರಬಾರದು. ಯಾವ ಮಾಡಿನಿಂದ ಯಾವುದು ಸಿಗುತ್ತದೆ ಎಂದು ಮೊದಲು ಹತ್ತಿ ಪರೀಕ್ಷೆ ಮಾಡಬೇಕು. ಮಾಡು ಹತ್ತುವ ಕೆಲಸ ಎಂದಾಗ ಊರಿಗೆ ಮೊದಲು ನೆನಪಾದವನು ವೆಂತುರಾ. ಆಗಷ್ಟೇ ನಿವೃತ್ತನಾಗಿದ್ದ, ಬೆಕ್ಕಿನಂತೆ ನಡೆಯುತ್ತಿದ್ದ, ವಿದ್ಯುತ್ತಿನ ಕೆಲಸ ಬಲ್ಲವನಾಗಿದ್ದ. ನಾನು ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು. ಭೂಪಟದಲ್ಲಿ ಗೆರೆ ಎಳೆದು, ನಡುವೆ ಗುಡ್ಡ ಎಷ್ಟು ಎತ್ತರ, ಸಂಕೇತ ಎಷ್ಟು ಬರಬೇಕು ಎಂದು ಲೆಕ್ಕ ಹಾಕಿಕೊಡುವುದು ನನ್ನ ಪಾಲಿಗೆ ಬಂತು. ಇನ್ನೊಂದು ತುದಿಗೆ ಮೇವಿನ ಅಂಗಡಿಯ ರೊಸೇ. ನಲವತ್ತರ ಹೆಂಗಸು, ಗಟ್ಟಿ ತೋಳು, ಅದಕ್ಕಿಂತ ಗಟ್ಟಿ ಬಾಯಿ. ಇವನು ಒಂದು ಮಾಡಿನಲ್ಲಿ, ಅವಳು ಇನ್ನೊಂದರಲ್ಲಿ, ಕೈಯಲ್ಲಿ ವಾಕಿಟಾಕಿ.

"ಎಡಕ್ಕೆ. ಇನ್ನೊಂಚೂರು. ಜಾಸ್ತಿಯಾಯ್ತು."

"ಒಂಚೂರು ಅಂದ್ರೆ ನಿಂದೋ ನಂದೋ? ನಿನ್ನ ಒಂಚೂರು ಅಂದ್ರೆ ಅರ್ಧ ಹೊಲ."

ಹೀಗೆ ಬಯಲಿನಲ್ಲಿ ಒಂದಾದ ಮೇಲೊಂದು ಕೊಂಡಿ ಬಿದ್ದವು. ಹೋದ ಮನೆಯಲ್ಲೆಲ್ಲ ವೆಂತುರಾನಿಗೆ ಟೊಮೆಟೊ ಉಜ್ಜಿದ ಬ್ರೆಡ್ಡು, ಸುಟ್ಟ ಬುತಿಫಾರ್ರಾ ಸಾಸೇಜು, ಬಿಳಿ ಬೀನ್ಸು, ವೈನು. ಬಯಲಿನ ಪ್ರತಿಯೊಂದು ಮಾಡೂ ಅವನಿಗೆ ತೆರೆದುಕೊಂಡಿತು, ಒಂದನ್ನು ಬಿಟ್ಟು.

ಆ ಒಂದೇ ಬೇಕಾದ ದಿನವೂ ಬಂತು. ಗುಡ್ಡದ ಆಚೆ ರುವೀರಾ ಕಣಿವೆ. ಅಲ್ಲಿ ಚದುರಿದ ಕೆಲವು ಮನೆಗಳು, ತುಂಬ ದನ. ಮೊದಲ ಮನೆಯ ಕಾರ್ಮೆ ಒಂದು ದಿನ ಕೆಸರಿನ ಬೂಟಿನಲ್ಲೇ ನನ್ನ ಅಡುಗೆಮನೆಗೆ ಬಂದಳು. ವೆಂತುರಾ ಅಲ್ಲೇ ಕುಳಿತಿದ್ದ.

"ಕರು ಹುಟ್ಟಿದ್ರೆ ಕಂಪ್ಯೂಟರಲ್ಲೇ ಬರೆಸಬೇಕಂತೆ ಈಗ," ಎಂದಳು. "ಒಂದೊಂದು ಕರು ಹುಟ್ಟಿದಾಗ್ಲೂ ವಿಕ್‌ವರೆಗೆ ಗಾಡಿ ಓಡಿಸ್ತೀನಿ. ಗಂಡ ಹೋದ್ಮೇಲೆ ಕೊಟ್ಟಿಗೇಲಿ ನಾನೊಬ್ಳೇ. ಇದು ಆಗ್ಲಿಲ್ಲ ಅಂದ್ರೆ ಈ ವಸಂತಕ್ಕೆ ದನ ಮಾರ್ತೀನಿ ವೆಂತುರಾ. ಅಳ್ತಾ ಹೇಳ್ತಿಲ್ಲ, ಸುಮ್ನೆ ಹೇಳ್ತಿದೀನಿ."

"ಮಾರಬೇಡ," ಎಂದ ವೆಂತುರಾ. "ಕೊಂಡಿ ನಾನು ಹಾಕಿಕೊಡ್ತೀನಿ."

ಅವಳು ಹೋದ ಮೇಲೆ ನಾನು ಭೂಪಟದ ಮೇಲೆ ಅಳತೆಪಟ್ಟಿಯಿಟ್ಟೆ. ಕಣಿವೆಯನ್ನೂ ಬಯಲನ್ನೂ ಒಟ್ಟಿಗೆ ನೋಡುವ ಮನೆ ಒಂದೇ ಇತ್ತು. ನಾನು ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ಬೇರೆ ದಾರಿ ಇದೆ," ಎಂದು ಅವನು ಎದ್ದ.

ಆ ಚಳಿಗಾಲ ವೆಂತುರಾ ಬೇರೆ ದಾರಿ ಹುಡುಕಿದ. ಹಂದಿದೊಡ್ಡಿಗಳ ಮೇವಿನ ಗೋಪುರ ಹತ್ತಿದ, ನೀರಿನ ಟ್ಯಾಂಕು ಹತ್ತಿದ, ಬಿದ್ದುಹೋದ ಇಟ್ಟಿಗೆ ಗೂಡಿನ ಚಿಮಣಿಯನ್ನೂ ಹತ್ತಿದ. ಮೂರು ಮಾಡು ಸುತ್ತಿಸಿ ಹೋಗುವ ದಾರಿಯೊಂದನ್ನು ಹೊಂದಿಸಿದ. ಮಧ್ಯದ ಪಾಪ್ಲರ್ ತೋಪು ಅದನ್ನು ನುಂಗಿತು. ಕೊನೆಗೆ ನಮ್ಮೂರ ಚರ್ಚಿನ ಗಂಟೆಗೋಪುರದ ಕಿಂಡಿಯಿಂದ, ಗುಡ್ಡದ ಒಂದು ತಗ್ಗಿನ ಮೂಲಕ, ಕಾರ್ಮೆಯ ಕೊಟ್ಟಿಗೆಯ ತುದಿ ಕಂಡಿತು. ಗೋಡೆಯ ಹೊರಗೆ ಮೊಳೆ ಹೊಡೆಯಬಾರದು, ಹಳೆಯ ಕಲ್ಲು ಎಂದರು ಪಾದ್ರಿಗಳು. ಹಾಗಾಗಿ ಡಿಶ್ಶನ್ನು ಕಿಂಡಿಯ ಒಳಗೆ, ಗಂಟೆಗಳ ಹಿಂದೆ, ತೊಲೆಗೆ ಕಟ್ಟಿದ. ಒಂದು ಮಂಗಳವಾರ ಪರೀಕ್ಷೆ ಮಾಡಿದೆವು. ಸಂಕೇತ ಚೆನ್ನಾಗಿಯೇ ಬಂತು. ವೆಂತುರಾ ಗೋಪುರದಿಂದ ಇಳಿದು ಬಂದಾಗ ಅವನ ಮುಖದಲ್ಲಿದ್ದದ್ದು ಕಾರ್ಮೆಯ ದನ ಉಳಿದ ಸಂತೋಷವಲ್ಲ. ಅವನು ನಿಂತು ಸೆರ್ರಾದೆಲ್ ಕಡೆ ನೋಡಿದ.

"ಅವನ ಹಂಗಿಲ್ದೆ ಆಯ್ತು ನೋಡಿ," ಎಂದ.

ಭಾನುವಾರದ ಪೂಜೆಗೆ ಗಂಟೆಗಳು ತಿರುಗಿದವು. ನಮ್ಮಲ್ಲಿ ಹಬ್ಬಕ್ಕೂ ಪೂಜೆಗೂ ಸಾವಿಗೂ ಗಂಟೆಯನ್ನು ಬಡಿಯುವುದಷ್ಟೇ ಅಲ್ಲ, ಇಡೀ ಗಂಟೆಯನ್ನೇ ಸುತ್ತು ಹಾಕಿಸುತ್ತಾರೆ. ಆಳೆತ್ತರದ ಕಂಚು ಕಿಂಡಿಯಿಂದ ಹೊರಗೆ ಹೋಗಿ ಒಳಗೆ ಬರುತ್ತದೆ. ಅದರ ಹಿಂದಿದ್ದ ಡಿಶ್ ಗೋಡೆ ನೋಡುತ್ತ ಕುಳಿತಂತಾಯಿತು. ಗಂಟೆ ನಿಂತ ಮೇಲೂ ಒಂದೊಂದು ಸಲ ಒಂದೊಂದು ಓರೆಯಲ್ಲಿ ನಿಲ್ಲುತ್ತಿತ್ತು, ಕೊಂಡಿ ದಿನಗಟ್ಟಲೆ ಮಲಗುತ್ತಿತ್ತು. ಈ ಗೋಪುರದ ಕೆಳಗೆ ಹುಟ್ಟಿ ಬೆಳೆದ ನಾವು ಮೂವರೂ ಮಂಗಳವಾರ ಅದನ್ನು ನೆನೆಯಲಿಲ್ಲ. ಹುಟ್ಟಿದಾಗಿನಿಂದ ಕೇಳುವ ಗಂಟೆ ಕಿವಿಗೆ ಸೇರಿದ್ದು, ಕಣ್ಣಿಗೆ ಬೀಳುವುದಿಲ್ಲ.

"ನಿಮ್ಮೂರಲ್ಲಿ ಯಾರು ಸತ್ರೂ ನಮಗೆ ತಕ್ಷಣ ಗೊತ್ತಾಗುತ್ತೆ," ಎಂದಳು ಕಾರ್ಮೆ ಫೋನಿನಲ್ಲಿ. "ಕಂಪ್ಯೂಟರೂ ಜೊತೇಲೇ ಸಾಯುತ್ತೆ. ಈ ವಾರ ನಿಮ್ಮಲ್ಲಿ ಜ್ವರ ಜಾಸ್ತಿನಾ?"

ಎರಡು ಕರು ಹುಟ್ಟಿದ್ದವು, ಎರಡು ಸಲವೂ ಅವಳು ವಿಕ್‌ಗೆ ಹೋಗಿದ್ದಳು. ದನದ ವ್ಯಾಪಾರಿ ಬಂದು ನೋಡಿಹೋದ ಎಂದೂ ಹೇಳಿದಳು.

ವೆಂತುರಾ ಸೆರ್ರಾದೆಲ್‌ಗೆ ಹೋಗಲಿಲ್ಲ. ರೊಸೇ ಹೋದಳು, ಯಾರಿಗೂ ಹೇಳದೆ, ಮೇವಿನ ಚೀಲ ಕೊಡುವ ನೆಪದಲ್ಲಿ. ಮರಳಿ ಬಂದು ನನ್ನ ಅಡುಗೆಮನೆಯಲ್ಲಿ ವೆಂತುರಾನ ಎದುರಿಗೇ ಕುರ್ಚಿ ಎಳೆದು ಕುಳಿತು, ಕಿರ್ಜೆಯ ಹಾಗೆ ಗಲ್ಲ ಕೆಳಗೆ ಮಾಡಿ, ಅವನ ಧ್ವನಿಯಲ್ಲೇ ಒಪ್ಪಿಸಿದಳು.

"'ಡಿಶ್ ಹಾಕ್ಕೊಳ್ಳಿ. ಕರೆಂಟೂ ಕೊಡ್ತೀನಿ. ಕಾರ್ಮೆ ಗಂಡ ನನ್ನ ಸ್ನೇಹಿತ ಆಗಿದ್ದ. ಆದ್ರೆ ಅವನು ನನ್ನ ಮಾಡು ಹತ್ತಬಾರದು.'"

ವೆಂತುರಾ ಕೈಯಲ್ಲಿದ್ದ ಲೋಟ ಕೆಳಗಿಟ್ಟ. "ಮತ್ತೆ ಯಾರು ಹತ್ತಬೇಕಂತೆ? ವಿಕ್ ಕೂಲಿಯವರಾ?"

"ನಾನೂ ಅದನ್ನೇ ಕೇಳ್ದೆ. 'ನಾನೇ ಹತ್ತೀನಿ' ಅಂದ."

"ಅವನಾ?"

"ಅವನೇ. 'ಹುಟ್ಟಿದಾಗಿನಿಂದ ಕೇಳ್ತಾ ಬಂದಿದೀನಿ,' ಅಂದ. 'ವೆಂತುರಾ ಮಾಡಿನ ಮೇಲೆ ಬೆಕ್ಕಿನ ಹಾಗೆ ನಡೀತಾನೆ, ವೆಂತುರಾ ಮೇಲಿಂದ ಸಮುದ್ರ ನೋಡ್ದ, ವೆಂತುರಾ ಮೇಲೆ ಕೂತು ಊಟ ಮಾಡ್ದ. ಅಪ್ಪ ಸಾಯೋ ಹೊತ್ತಲ್ಲೂ ಹೆಂಚು ಹಾಕೋಕೆ ವೆಂತುರಾನ ಕರಿ ಅಂದ. ನನ್ನ ಹೆಸರು ಹೇಳ್ಲಿಲ್ಲ. ಮನೆ ನಂದು, ಬೆನ್ನು ಮುರಿಯೋ ದುಡಿತ ನಂದು, ಹೊಗಳಿಕೆ ಅವಂದು. ಈಗ ಬಯಲಿನವ್ರೆಲ್ಲ ಅವನಿಗೆ ಮಾಡು ಕೊಟ್ಟು ಊಟ ಹಾಕ್ತಾರೆ. ನನ್ನ ಮಾಡು ಅವನಿಗೆ ಸಿಗಲ್ಲ.' ಇಷ್ಟು ಹೇಳಿ ನನಗೆ ಒಂದು ಲೋಟ ವೈನ್ ಕೊಟ್ಟ. ಒಳ್ಳೇ ವೈನು."

ಅಣ್ಣನಿಗೆ ತನ್ನ ಮೇಲೆ ಹೊಟ್ಟೆಕಿಚ್ಚು ಎಂಬುದು ವೆಂತುರಾನ ತಲೆಗೆ ಎಂದೂ ಹೊಳೆದಿರಲಿಲ್ಲ. ಹೊಳೆದಾಗ ಅವನಿಗೆ ಸಮಾಧಾನವಾಗಲಿಲ್ಲ. ತನ್ನದೇ ಎಂದುಕೊಂಡಿದ್ದ ಸ್ವತ್ತಿನಲ್ಲಿ ಅಣ್ಣ ಪಾಲು ಕೇಳಲು ಬಂದಂತೆ ಮುಖ ಕಪ್ಪಿಟ್ಟಿತು.

"ಅರವತ್ತೆಂಟು ವರ್ಷದವನು. ಏಣಿ ಅಲ್ಲಾಡಿದ್ರೆ ಕಣ್ಣು ಮುಚ್ಕೊಳ್ತಾನೆ," ಎಂದ.

"ಅವನ ಮಾಡು, ಅವನ ಮಾತು," ಎಂದೆ ನಾನು. "ಹೇಗಿದ್ದರೂ ಕಣಿವೆಯ ತುದಿ ಕಷ್ಟದ್ದು, ಅಲ್ಲಿ ನೀನೇ ಇರಬೇಕು. ಈ ತುದಿಗೆ ರೊಸೇ ಕಿರ್ಜೆಯ ಜೊತೆ ಹತ್ತಲಿ. ಬೇಡವಾದರೆ ಕಾರ್ಮೆಗೆ ನೀನೇ ಹೋಗಿ ಹೇಳು."

ಅವನು ಒಪ್ಪಿದ ಎನ್ನಲಾರೆ. ಬೆಳಿಗ್ಗೆ ನನ್ನ ಕಾರಿನ ಹಿಂದೆ ಏಣಿ ಕಟ್ಟಿದ, ಅಷ್ಟೇ.

ಆ ದಿನ ಬಯಲಿನ ಮೇಲೆ ಮಂಜು ದಟ್ಟವಾಗಿ ಕುಳಿತಿತ್ತು. ಗುಡ್ಡ ಹತ್ತಿದ್ದೇ ತಡ, ಬಿಸಿಲು. ದಾರಿಯಲ್ಲಿ ಸೆರ್ರಾದೆಲ್‌ನ ಅಂಗಳ ಸಿಕ್ಕಿತು. ಬಟ್ಟೆಗಳು ತಂತಿಯ ಮೇಲಿದ್ದವು. ವೆಂತುರಾ ಆ ಕಡೆ ನೋಡಲೇ ಇಲ್ಲ ಎನ್ನುವಂತೆ ಕತ್ತು ತಿರುಗಿಸಿ ಕುಳಿತಿದ್ದ, ಕುತ್ತಿಗೆಯ ನರ ಉಬ್ಬಿತ್ತು.

ಕಾರ್ಮೆಯ ಕೊಟ್ಟಿಗೆಯ ಮಾಡಿನ ಮೇಲೆ ಅವನು ಕಂಬ ನಿಲ್ಲಿಸಿ ಡಿಶ್ ಕಟ್ಟಿ ದಿಕ್ಸೂಚಿ ಹಿಡಿದು ಹೊಂದಿಸಿದ. ನಾನು ಏಣಿಯ ಕೆಳಗೆ ಹುಲ್ಲಿನ ಕಟ್ಟಿನ ಮೇಲೆ ಕುಳಿತೆ. ಕಾರ್ಮೆ ದನಗಳ ನಡುವಿಂದ ಬಂದು ಹೋಗಿ ಮಾಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ವಾಕಿಟಾಕಿಯಲ್ಲಿ ರೊಸೇಯ ಧ್ವನಿ ಬಂತು.

"ಹತ್ತಿದೀವಿ. ಅಂದ್ರೆ ನಾನು ಹತ್ತಿದೀನಿ, ಇವರು ತೆವಳ್ಕೊಂಡು ಬಂದಿದಾರೆ. ಸೊಂಟಕ್ಕೆ ಹಗ್ಗ ಕಟ್ಟಿದೀನಿ, ಹೋರಿ ಕಟ್ಟಿದ ಹಾಗೆ."

"ಡಿಶ್ ಯಾರ ಕೈಲಿದೆ?"

"ವಾರಸುದಾರರ ಕೈಲಿ. ನನಗೆ ಮುಟ್ಟೋಕೆ ಬಿಡ್ತಿಲ್ಲ. ನಾನು ಸಂಖ್ಯೆ ಓದ್ತೀನಿ, ನೀನು ಹೇಳು, ಅವರು ತಿರುಗಿಸ್ತಾರೆ."

ವೆಂತುರಾ ಗುಂಡಿ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಎಷ್ಟೋ ವರ್ಷಗಳ ಮೇಲೆ ಅಣ್ಣನಿಗೆ ಹೇಳುವ ಮೊದಲ ಮಾತು. ಕೊನೆಗೆ ಹೇಳಿದ:

"ಬಲಕ್ಕೆ."

"ಯಾರ ಬಲಕ್ಕೆ?" ಕಿರ್ಜೆಯ ಧ್ವನಿ. ದಪ್ಪ, ಉಬ್ಬಸದ ಧ್ವನಿ.

"ನಿನ್ನ ಬಲಕ್ಕೆ. ಊಟ ಮಾಡೋ ಕೈ ಕಡೆಗೆ."

"ಗೊತ್ತು ನನಗೆ ಬಲ ಯಾವುದು ಅಂತ."

"ಹಾಗಾದ್ರೆ ತಿರುಗಿಸು."

ಸಂಖ್ಯೆಗಳು ಬರತೊಡಗಿದವು. ಇದರಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಸಂಕೇತ ಜೋರು. ಕಿರ್ಜೆಗೆ ಇದು ಒಪ್ಪಿಗೆಯಾಗಲಿಲ್ಲ. "ಕಡಿಮೆ ಆದ್ರೆ ಒಳ್ಳೇದಾ? ಇದ್ಯಾವ ಸೀಮೆ ಲೆಕ್ಕ? ತಮ್ಮಂದಿರು ಕಂಡುಹಿಡಿದ ಲೆಕ್ಕ ಇರಬೇಕು," ಎಂದ. ರೊಸೇ ನಕ್ಕಿದ್ದು ಕೇಳಿಸಿತು. ತೊಂಬತ್ತು, ಎಂಬತ್ತನಾಲ್ಕು, ಎಪ್ಪತ್ತೊಂಬತ್ತು, ಎಪ್ಪತ್ತೈದು. ಮತ್ತೆ ಎಪ್ಪತ್ತೇಳು. "ಹಿಂದಕ್ಕೆ," ಎಂದ ವೆಂತುರಾ. ಎಪ್ಪತ್ತೈದು.

"ಅಲ್ಲೇ ನಿಲ್ಲಿಸು," ಎಂದ. "ಸಾಕು. ಬಿಗಿ ಮಾಡಿ."

ನಾನು ತಲೆಯೆತ್ತಿದೆ. ನಮ್ಮ ಲೆಕ್ಕದಲ್ಲಿ ಅರವತ್ತೆರಡು ಬರಬೇಕಿತ್ತು. ಇಷ್ಟು ದೊಡ್ಡ ವ್ಯತ್ಯಾಸ ಗಾಳಿಯದಲ್ಲ. ಡಿಶ್‌ನ ಮುಖ್ಯ ಕಿರಣದ ಎರಡು ಬದಿಗೂ ಸಣ್ಣ ಕಿರಣಗಳು ಹೊರಟಿರುತ್ತವೆ. ಅದರಲ್ಲೊಂದು ಎದುರಿನ ಡಿಶ್‌ಗೆ ತಗಲಿದಾಗ ಸಂಖ್ಯೆ ಒಳ್ಳೆಯದಾಗಿ ಮತ್ತೆ ಕೆಡುತ್ತದೆ, ಇದೇ ಶಿಖರ ಎನ್ನಿಸುತ್ತದೆ. ವೆಂತುರಾ ಅದಕ್ಕೆ ಸುಳ್ಳು ದಿಬ್ಬ ಎನ್ನುತ್ತಿದ್ದ. ಹೊಸಬರೆಲ್ಲ ಅಲ್ಲೇ ನಿಲ್ಲುತ್ತಾರೆ ಎಂದು ನನಗೆ ಹೇಳಿದವನೇ ಅವನು.

"ವೆಂತುರಾ, ಅದು ಸುಳ್ಳು ದಿಬ್ಬ," ಎಂದೆ ಕೆಳಗಿನಿಂದ.

"ಗೊತ್ತು."

"ಮಳೆ ಬಂದರೆ ನಿಲ್ಲುವುದಿಲ್ಲ."

"ಗೊತ್ತು ಸೆನ್ಯೋರಾ." ಅವನು ನನ್ನತ್ತ ನೋಡಲಿಲ್ಲ. "ಮೊದಲನೇ ಮಳೆಗೆ ಬೀಳುತ್ತೆ. ಆಗ ಸರಿ ಮಾಡೋಕೆ ಯಾರಾದ್ರೂ ಆ ಮಾಡು ಹತ್ತಬೇಕಲ್ಲ? ಅವನ ಕೈಲಿ ಆಗ್ಲಿಲ್ಲ ಅಂತ ಎಲ್ರಿಗೂ ಗೊತ್ತಾಗಿರುತ್ತೆ. ಆಗ ನನ್ನ ಕರೀಲೇಬೇಕು."

ಅಷ್ಟರಲ್ಲಿ ಕಾರ್ಮೆ ಕೊಟ್ಟಿಗೆಯ ಬಾಗಿಲಲ್ಲಿ ಬಂದು ನಿಂತಳು. "ಸಿಕ್ತಾ?"

ವೆಂತುರಾ ಅವಳನ್ನು ನೋಡಿ ಹೇಳಿದ: "ಸಿಕ್ತು."

"ಹಾಗಾದ್ರೆ ವ್ಯಾಪಾರಿಗೆ ಬರಬೇಡ ಅಂತ ಫೋನ್ ಮಾಡ್ತೀನಿ," ಎಂದು ಅವಳು ಒರಟು ಕೈಯನ್ನು ಏಪ್ರನ್ನಿಗೆ ಒರೆಸುತ್ತ ಒಳಗೆ ಹೋದಳು.

ನಾನು ಎದ್ದು ಏಣಿಯ ಬುಡಕ್ಕೆ ಹೋದೆ. ಹೇಳಬೇಕಾದದ್ದನ್ನು ನಾನು ಹೇಳಿಯೇಬಿಡುತ್ತಿದ್ದೆ, ರೊಸೇಗೂ ಹೇಳುತ್ತಿದ್ದೆ. ಆದರೆ ವಾಕಿಟಾಕಿ ನನಗಿಂತ ಮೊದಲು ಮಾತಾಡಿತು. ಕಿರ್ಜೆ ಅದನ್ನು ರೊಸೇಯ ಕೈಯಿಂದ ಕಿತ್ತುಕೊಂಡಿರಬೇಕು.

"ಇಷ್ಟೇನಾ?" ಎಂದ. ಉಬ್ಬಸದ ನಡುವೆ ಹೆಮ್ಮೆ ತುಂಬಿತ್ತು. "ಇಷ್ಟಕ್ಕೇ ಬಯಲೆಲ್ಲ ಕೊಂಬು ಊದ್ಕೊಂಡು ತಿರುಗ್ತಿದ್ದೆಯಾ ನೀನು? ಮೊದಲನೇ ಸಲಕ್ಕೇ ಹಿಡಿದೆ ನಾನು. ಭಾನುವಾರ ಚರ್ಚಲ್ಲಿ ಎಲ್ರಿಗೂ ಹೇಳ್ತೀನಿ, ರುವೀರಾ ಕೊಂಡಿ ಹಾಕಿದ್ದು ಕಿರ್ಜೆ ಅಂತ. ವೆಂತುರಾ ಗಂಟೆ ಹಿಂದೆ ಹಾಕ್ದ, ಕಿರ್ಜೆ ಮಾಡಿನ ಮೇಲೆ ಹಾಕ್ದ ಅಂತ."

ವೆಂತುರಾನ ಕಿವಿ ಕೆಂಪಾದದ್ದನ್ನು ಕೆಳಗಿನಿಂದಲೇ ಕಂಡೆ. ಮುಂದೆ ಊರವರು, ಅವನು ಅಣ್ಣನನ್ನು ಕ್ಷಮಿಸಿದ, ಕಾರ್ಮೆಗಾಗಿ ಮನಸ್ಸು ದೊಡ್ಡದು ಮಾಡಿದ ಎಂದೆಲ್ಲ ಹೇಳಿದರು. ಅಲ್ಲಿದ್ದವಳು ನಾನು. ಅಂಥದ್ದೇನೂ ಆಗಲಿಲ್ಲ. ಹೊಸಬರು ನಿಲ್ಲುವ ಜಾಗದಲ್ಲಿ ನಿಂತು ಅಣ್ಣ ಗೆದ್ದೆ ಎನ್ನುವುದನ್ನು ಅವನಿಂದ ಸಹಿಸಲಾಗಲಿಲ್ಲ, ಅಷ್ಟೇ. ಒಂದು ಹೊಟ್ಟೆಕಿಚ್ಚನ್ನು ಇನ್ನೊಂದು ಹೊಟ್ಟೆಕಿಚ್ಚು ಮೆಟ್ಟಿತು.

"ಬಿಗಿ ಮಾಡಬೇಡ," ಎಂದ. "ಸಡಿಲ ಮಾಡು."

"ಯಾಕೆ?"

"ನೀನು ಹಿಡಿದಿರೋದು ಕೊಂಡಿ ಅಲ್ಲ, ಅದರ ಬಾಲ. ಬಲಕ್ಕೆ ತಿರುಗಿಸು. ಕೆಡುತ್ತೆ. ಕೆಟ್ರೂ ತಿರುಗಿಸ್ತಾ ಹೋಗು."

"ಸಿಕ್ಕಿರೋದನ್ನ ಬಿಡು ಅಂತೀಯಾ?"

"ಬಿಡು."

"ಬಿಟ್ಟ ಮೇಲೆ ಸಿಗ್ಲಿಲ್ಲ ಅಂದ್ರೆ?"

"ಸಿಗುತ್ತೆ."

"ನಿನಗೇನು, ಹೇಳೋದು ಸುಲಭ. ಕೈಲಿ ಹಿಡ್ಕೊಂಡು ನಿಂತಿರೋನು ನಾನು."

"ಹೌದು," ಎಂದ ವೆಂತುರಾ, "ಯಾವಾಗ್ಲೂ ಹಿಡ್ಕೊಂಡು ನಿಂತಿರೋನು ನೀನೇ. ಈ ಸಲ ಒಂದು ಬಿಡು."

ಆಮೇಲೆ ರೊಸೇಯ ಧ್ವನಿ, ತೀರ ತಗ್ಗಿಸಿ: "ತಿರುಗಿಸ್ತಿದಾರೆ. ಎಪ್ಪತ್ತೊಂಬತ್ತು. ಎಂಬತ್ತೈದು. ವೆಂತುರಾ, ಹೋಯ್ತು. ಏನೂ ಇಲ್ಲ."

"ಮುಂದೆ."

"ನಿಂತುಬಿಟ್ರು. ನನ್ನ ಕಡೆ ನೋಡ್ತಿದಾರೆ, ನಾನೇ ಕದ್ದ ಹಾಗೆ."

"ಕಿರ್ಜೆ." ಅವನು ಅಣ್ಣನ ಹೆಸರು ಹಿಡಿದು ಕರೆದದ್ದನ್ನು ನಾನು ಮೊದಲ ಬಾರಿ ಕೇಳಿದೆ. "ನಿಲ್ಲಬೇಡ. ಬೆರಳಷ್ಟು. ಇನ್ನೂ ಬೆರಳಷ್ಟು."

ಕೊಟ್ಟಿಗೆಯಲ್ಲಿ ಒಂದು ಹಸು ಮುಲುಗಿತು.

"ಎಂಬತ್ತು," ಎಂದಳು ರೊಸೇ. "ಎಪ್ಪತ್ತೆರಡು. ಅರವತ್ತಾರು. ಅಯ್ಯೋ ದೇವರೇ, ಅರವತ್ತೊಂದು."

"ನಿಲ್ಲು."

ಅವನು ಪಕ್ಕದಲ್ಲಿಟ್ಟುಕೊಂಡಿದ್ದ ಲ್ಯಾಪ್‌ಟಾಪಿನ ಪರದೆಗೆ ಕೈ ಮರೆ ಮಾಡಿ ನೋಡಿದ. ಅರವತ್ತೊಂದು ಅಲ್ಲಾಡದೆ ನಿಂತಿತ್ತು. ನಮ್ಮ ಲೆಕ್ಕಕ್ಕಿಂತಲೂ ಒಂದು ಮಿಗಿಲು. ಬಯಲಿನ ಯಾವ ಮಾಡಿನಲ್ಲೂ ಅಷ್ಟು ದೂರಕ್ಕೆ ಅಷ್ಟು ಒಳ್ಳೆಯ ಸಂಕೇತ ನಮಗೆ ಸಿಕ್ಕಿರಲಿಲ್ಲ. ಇನ್ನು ಮುಂದೆ ಕಣಿವೆಯ ಅಷ್ಟೂ ಕೊಂಡಿಗಳು ಸೆರ್ರಾದೆಲ್‌ಗೇ ಬಂದು ಸೇರುತ್ತವೆ. ಜಾಲದ ನಕ್ಷೆಯಲ್ಲಿ ಎಲ್ಲ ಗೆರೆಗಳೂ ಆ ಒಂದು ಮನೆಯಲ್ಲಿ ಕೂಡುತ್ತವೆ. ಅದನ್ನು ಹಾಗೆ ಮಾಡಿದವನು ತಾನೇ ಎಂದು ಅವನಿಗೆ ಆ ಕ್ಷಣದಲ್ಲೇ ಅರ್ಥವಾಯಿತು. ಮುಖ ನೋಡಿದರೆ ತಿಳಿಯುತ್ತಿತ್ತು.

"ಈಗ ಬಿಗಿ ಮಾಡಿ," ಎಂದ. ಬಿಗಿ ಮಾಡಿದ್ದಾಯಿತು ಎಂದು ರೊಸೇ ಹೇಳಿದ ಮೇಲೆ ಸ್ವಲ್ಪ ತಡೆದು ಮತ್ತೆ ಗುಂಡಿ ಒತ್ತಿದ. "ಇಳಿಯೋವಾಗ ಅವನಿಗೆ ಹೇಳು. ಚಿಮಣಿ ಪಕ್ಕ ಕಾಲಿಡಬಾರದು. ಅಲ್ಲಿ ಕೆಳಗಿನ ತೊಲೆ ಮೆತ್ತಗಾಗಿದೆ. ಗೋಡೆ ನೇರಕ್ಕೇ ಬರಬೇಕು."

ಉತ್ತರ ಕೊಟ್ಟವನು ಕಿರ್ಜೆಯೇ. "ಆ ತೊಲೆ ತೆಗೆಸಿ ಎಷ್ಟು ವರ್ಷ ಆಯ್ತು. ಈಗ ಕೆಳಗೆಲ್ಲ ಕಾಂಕ್ರೀಟು. ಎಲ್ಲಿ ಬೇಕಾದ್ರೂ ಕಾಲಿಡಬಹುದು."

ವೆಂತುರಾ ಲ್ಯಾಪ್‌ಟಾಪ್ ಮುಚ್ಚಿದ.

"ನಾನು ಈಗ್ಲೇ ಇಳಿಯಲ್ಲ," ಎಂದಿತು ಆ ಧ್ವನಿ. ಉಬ್ಬಸ ಇಳಿದಿತ್ತು. "ರೊಸೇ ಹೋಗ್ಲಿ. ನಾನು ಸ್ವಲ್ಪ ಹೊತ್ತು ಕೂತಿರ್ತೀನಿ. ಕೆಳಗೆ ಪೂರ್ತಿ ಮಂಜು, ಹಾಲು ಚೆಲ್ಲಿದ ಹಾಗೆ. ಪಿರೆನೀಸ್ ಬೆಟ್ಟ ಪೂರ್ತಿ ಕಾಣ್ತಿದೆ ಕಣೋ. ಹಿಮ ಕೂಡ."

"ಬ್ಯಾಟರಿ ಮುಗೀತಿದೆ," ಎಂದು ಹೇಳಿ ವೆಂತುರಾ ವಾಕಿಟಾಕಿ ಆರಿಸಿದ. ಬ್ಯಾಟರಿ ಮುಗಿದಿರಲಿಲ್ಲ.

ಕಾರ್ಮೆ ಮಾಂಸದ ಸಾರು, ಬೀನ್ಸು, ಬುತಿಫಾರ್ರಾ ಇಟ್ಟಳು. ಆಗಷ್ಟೇ ಹುಟ್ಟಿದ ಕರುವಿನ ವಿವರವನ್ನು ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಒತ್ತಿ ತುಂಬಿ, ಹೋಯಿತು ಎಂದು ತೋರಿಸಿ, ಮೇಜಿಗೆ ಬಂದು ವೆಂತುರಾನ ಲೋಟ ತುಂಬಿಸಿದಳು. ಅವನು ತಟ್ಟೆಯನ್ನು ಹಿಂದಕ್ಕೆ ಸರಿಸದೆ, ಹೊಗಳಿಕೆಗೆ ತಲೆಯಾಡಿಸದೆ, ಕಿಟಕಿಗೆ ಬೆನ್ನು ಮಾಡಿ ಉಂಡ. ಆ ಕಿಟಕಿಯಿಂದ ಗುಡ್ಡದ ಭುಜ ಕಾಣುತ್ತಿತ್ತು, ಅದರ ಮೇಲೆ ಮನೆ, ಮನೆಯ ಮೇಲೆ ಚುಕ್ಕೆಯಷ್ಟು ಒಬ್ಬ ಮನುಷ್ಯ.

"ಇನ್ನೂ ಕೂತಿದಾನಾ?" ಎಂದು ತಟ್ಟೆಯಿಂದ ತಲೆಯೆತ್ತದೆ ಕೇಳಿದ.

"ಕೂತಿದ್ದಾನೆ," ಎಂದೆ.

"ಕೂತ್ಕೊಳ್ಳಲಿ," ಎಂದು ಬ್ರೆಡ್ಡಿನ ಇನ್ನೊಂದು ತುಂಡು ಮುರಿದ.